ಗಾಡಿ ನಿಲ್ಲುವ ಜಾಗ

ಉಮಾಶಂಕರನ ಕಾರು ನಿಲ್ಲುತ್ತಿತ್ತು. ನಿಲ್ಲಬೇಕಾದ ಜಾಗದಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ.

ಅಪ್ಪ ಬಿಟ್ಟುಹೋದ ಹಳೇ ಫಿಯೆಟ್ಟು ಅದು. ನಾಲ್ಕು ಚಕ್ರಕ್ಕೂ ಮುದಿ ಡ್ರಮ್ ಬ್ರೇಕು. ಪೆಡಲು ತುಳಿಯುವುದೆಂದರೆ ಹಿರಿಯರ ಮುಂದೆ ಅಹವಾಲು ಇಟ್ಟ ಹಾಗೆ. 'ನೋಡೋಣ' ಅಂದುಕೊಂಡು ಅದು ಇನ್ನಷ್ಟು ದೂರ ಹೋಗಿ, ದಿಬ್ಬವೋ ಹುಲ್ಲಿನ ಮೆದೆಯೋ ಅಡ್ಡ ಬಂದರೆ ಒಪ್ಪಿಕೊಳ್ಳುತ್ತಿತ್ತು.

ಹುಣಸೂರಿನಲ್ಲಿ ಅವನಿದ್ದ ಬೀದಿಯೂ ಇಳಿಜಾರು. ಹೊಗೆಸೊಪ್ಪಿನ ಹರಾಜು ಕಟ್ಟೆಯ ಗುಮಾಸ್ತಿಕೆ ಮುಗಿಸಿ ಸಂಜೆ ಬರುವಾಗ, ಕಾರಿನ ಸದ್ದಿಗೇ ಎದುರುಮನೆಯ ಮಲ್ಲಾಜಮ್ಮ ಎದ್ದು ಜಗಲಿಯ ಗುಂಡುಕಲ್ಲನ್ನು ತಂದು ಚಕ್ರಕ್ಕೆ ಕೊಡುತ್ತಿದ್ದಳು.

"ಬಂದ್ಯಾ ಮಗ? ಮದ್ಯಾನ ಏನುಂಡೆ?"

"ಮುದ್ದೆ, ಅವ್ವ."

ಮನೆಗೆ ಬಂದ ಮೇಲೆ ಅವನ ಬಾಯಿಂದ ಹೊರಡುವ ಮಾತು ಅಷ್ಟೇ. ಒಳಗೆ ಹೋದರೆ ಅವನೊಬ್ಬನೇ; ಕುಕ್ಕರು ಕೂಗುವವರೆಗೆ ಆ ಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ.

ನಲವತ್ತು ಹತ್ತಿರವಾಗುತ್ತಿತ್ತು. ಹಿಂದಿನ ವರ್ಷ ಕಂಪಲಾಪುರಕ್ಕೆ ಹೆಣ್ಣು ನೋಡಲು ಹೋದಾಗ ಕಾರು ಹೆಣ್ಣಿನ ಮನೆಯನ್ನು ದಾಟಿಕೊಂಡೇ ಹೋಗಿಬಿಟ್ಟಿತ್ತು. ಬಾಗಿಲಲ್ಲಿ ನಿಂತಿದ್ದ ಬೀಗರಿಗೆ ಕಿಟಕಿಯಿಂದಲೇ ಕೈ ಮುಗಿಯುತ್ತ ಸಾಗಿ, ಅಕ್ಕಿ ಗಿರಣಿಯ ತೌಡಿನ ರಾಶಿಯಲ್ಲಿ ನಿಂತಿದ್ದ. "ಬಾಗ್ಲು ದಾಟೋದ ಗಂಡು, ಸಕುನ ಸರಿಯಿಲ್ಲ" ಅಂದರು. ಆ ಸುದ್ದಿ ಮಾತ್ರ ಎಲ್ಲೂ ನಿಲ್ಲದೆ ಮೂರು ತಾಲ್ಲೂಕು ಸುತ್ತಿತು.

ಈಗ ಮದುವೆ ದಲ್ಲಾಳಿ ಸಣ್ಣಯ್ಯ ಇನ್ನೊಂದು ಸಂಬಂಧ ತಂದಿದ್ದ. ಹನಗೋಡಿನ ಮಹದೇವಯ್ಯನವರ ಮಗಳು ಪದ್ಮಶ್ರೀ. ಫೋಟೋದಲ್ಲಿ ಅವಳು ಯಾರೋ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುತ್ತಿರುವ ಹಾಗಿದ್ದಳು. ಉಮಾಶಂಕರ ಅದನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು ಎದುರಿಗೆ ಕೂತು ಊಟ ಮಾಡುತ್ತಿದ್ದ. ಏನೂ ಹೇಳುತ್ತಿರಲಿಲ್ಲ.

ಮಹದೇವಯ್ಯನವರ ಮನೆಯೂ ಇಳಿಜಾರಿನಲ್ಲೇ ಎಂದು ತಿಳಿದ ದಿನವೇ ಅವನು ಬೈಪಾಸಿನ ಮೆಕ್ಯಾನಿಕ್ ಮಾದೇಶನ ಬಳಿಗೆ ಹೋದ. ಗುಜರಿಯಿಂದ ತುಳಿದಲ್ಲೇ ನಿಲ್ಲಿಸುವ ಡಿಸ್ಕ್ ಬ್ರೇಕಿನ ಡಿಸ್ಕು, ಅದನ್ನು ಅದುಮಿ ಹಿಡಿಯುವ ಕ್ಯಾಲಿಪರು ಬಂದವು. ಅವು ಫಿಯೆಟ್ಟಿಗೆ ಕೂರಲಿ ಅಂತ ಲೇತಿನಲ್ಲಿ ಚಕ್ರದ ನಡುವಿನ ಹಬ್ಬು ಕಡೆಸಿದ್ದಾಯಿತು. ಡಿಸ್ಕು ಹಾಕಿಸುವ ವಿಷಯವನ್ನು ಅವನು ಸಣ್ಣಯ್ಯನಿಗೂ ಹೇಳಲಿಲ್ಲ. ಬಾಗಿಲಿಗೆ ನೇರವಾಗಿ ನಿಂತು ಕಾರೇ ಹೇಳಲಿ ಅಂದುಕೊಂಡ.

ಹೆಣ್ಣು ನೋಡುವ ದಿನ ಬೆಳಿಗ್ಗೆ ಕೊನೆಯ ಕೆಲಸ, ಬ್ರೇಕಿನ ಎಣ್ಣೆಯಿಂದ ಗಾಳಿ ತೆಗೆಯುವುದು. ಉಮಾಶಂಕರ ಪೆಡಲಿನ ಮೇಲೆ, ಮಾದೇಶ ಚಕ್ರದ ಅಡಿಯಲ್ಲಿ.

"ತುಳೀರಿ ಸಾ. ಇನ್ನೊಂದ್ಸಲ. ಅಂಗೇ ಇಡ್ಕಳಿ." ಎಣ್ಣೆಯ ಜೊತೆ ಗುಳ್ಳೆ ಗುಳ್ಳೆಯಾಗಿ ಗಾಳಿ ಹೊರಬಂತು. "ಒಳ್ಗೆ ಗಾಳಿ ನಿಂತ್ರೆ ಬ್ರೇಕು ಇಡಿಯಾಕಿಲ್ಲ. ಮನ್ಸನೂ ಅಂಗೇಯ. ಇವತ್ತಾದ್ರೂ ಆ ಹುಡ್ಗಿ ಮುಂದೆ ವಸಿ ಈಚೆಗೆ ಬುಡಿ ಸಾ."

"ಏನನ್ನ?"

"ಮಾತ್ನ."

ಉಮಾಶಂಕರ ಇನ್ನೊಂದು ಸಲ ಪೆಡಲು ತುಳಿದ.

ಸಣ್ಣಯ್ಯ ಬೆಳಗಿನ ಬಸ್ಸಿಗೇ ಹೊರಟುಹೋಗಿದ್ದ. "ನಿನ್ ಗಾಡೀಲಿ ಬಂದು ನಾ ಮೆದೆ ಒಳೀಕೆ ಓಗಾಕಿಲ್ಲ, ಅಲ್ಲೇ ಇರ್ತೀನಿ ಬಾ" ಅಂದಿದ್ದ. ಹೆಂಗಸು ಅಂತ ಒಬ್ಬರಾದರೂ ಜೊತೆಗಿರಬೇಕಲ್ಲ. ಮಲ್ಲಾಜಮ್ಮ ರೇಷ್ಮೆ ಸೀರೆ ಉಟ್ಟು, ಹಣ್ಣು ಹೂವಿನ ತಟ್ಟೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು.

ಊರ ಕೊನೆಯಲ್ಲಿ, ಅಲ್ಲಿಯ ಕಡೇ ಮನೆಯ ಚಲುವಯ್ಯ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಎದುರಾದ. ಕಾರು ಕಂಡದ್ದೇ ತಡ, ರೂಢಿಯಂತೆ ಹೊರೆ ಸಮೇತ ಮೋರಿಗೆ ಹಾರಿದ. ಉಮಾಶಂಕರನೂ ರೂಢಿಯಂತೆ ಮೈಭಾರವನ್ನೆಲ್ಲ ಹಾಕಿ ಪೆಡಲು ತುಳಿದ. ಕಾರು ದೇವರ ಮುಂದೆ ಅಡ್ಡಬಿದ್ದಂತೆ ಮೂತಿ ಬಗ್ಗಿಸಿ, ಇದ್ದಲ್ಲೇ ನಿಂತಿತು. ಹಿಂದಿನ ಸೀಟಿನ ಮಲ್ಲಾಜಮ್ಮ ಮುಂದಿನ ಸೀಟಿಗೆ ಬಂದಿದ್ದಳು. ಬಾಳೆಹಣ್ಣು ಅವಳಿಗಿಂತ ಮೊದಲೇ ಬಂದಿತ್ತು.

ಮೋರಿಯೊಳಗಿಂದ ಚಲುವಯ್ಯ ಅಂದ: "ನಿಲ್ಲಂಗಿದ್ರೆ ಮೊದ್ಲೇ ಹೇಳಬಾರ್ದಾ? ಸುಮ್ಕೆ ಬಿದ್ನಲ್ಲಪ್ಪ."

ಮಲ್ಲಾಜಮ್ಮ ಹಣೆ ಒತ್ತಿಕೊಳ್ಳುತ್ತ ಇಳಿದಳು. "ನಿಲ್ಲದ ಗಾಡೀಲಿ ಎಂಗ್ ಕೂರ್ಬೇಕು ಅಂತ ಕಲ್ತಿವ್ನಿ ಮಗ. ನಿಲ್ಲೋ ಗಾಡಿ ನಂಗೆ ಒಗ್ಗಾಕಿಲ್ಲ. ನೀನೇ ಓಗ್ಬಾ, ಒಳ್ಳೇದಾಗ್ಲಿ."

ಒಬ್ಬನೇ ಹೊರಟ. ದಾರಿಯಲ್ಲಿ ಕಂಡ ಕಂಡ ಕಡೆ ನಿಲ್ಲಿಸಿ ನೋಡಿದ. ಮರದ ಕೆಳಗೆ ನಿಂತಿತು, ಮೈಲಿಗಲ್ಲಿಗೆ ಸರಿಯಾಗಿ ನಿಂತಿತು, ಯಾರೂ ಇಲ್ಲದ ಕಡೆಯೂ ನಿಂತಿತು. ನಿಂತಾಗಲೆಲ್ಲ ಸಣ್ಣಗೆ ಅಭ್ಯಾಸ ಮಾಡಿಕೊಂಡ: "ನಮಸ್ಕಾರ. ನಾನು ಹೆಚ್ಚು ಮಾತಾಡೋನಲ್ಲ. ಆದರೆ ಕೇಳಿಸ್ಕೊತೀನಿ."

ಹನಗೋಡಿನ ಇಳಿಜಾರಿನಲ್ಲಿ ಮಹದೇವಯ್ಯನವರ ನೀಲಿ ಬಾಗಿಲು ಕಂಡಿತು. ಈ ಸಲ ಮೆತ್ತಗೆ ತುಳಿದ. ಕಾರಿನ ಬಾಗಿಲೂ ಮನೆಯ ಬಾಗಿಲೂ ಎದುರುಬದುರಾಗಿ, ದಾರ ಹಿಡಿದು ಅಳೆದಂತೆ ನಿಂತವು.

ಮನೆಗೆ ಬೀಗ ಹಾಕಿತ್ತು.

ಜಗಲಿಯ ಮೇಲೆ ಯಾರೂ ಇಲ್ಲ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಒಂದು ಕೋಳಿ ಬಂದು ಹೊಸ ಡಿಸ್ಕನ್ನು ನೋಡಿಕೊಂಡು ಹೋಯಿತು. ಹಾರ್ನ್ ಒತ್ತಬಹುದಿತ್ತು. ಆದರೆ ಬೀಗ ಹಾಕಿಕೊಂಡು ಹೋದವರನ್ನು ಹಾರ್ನ್ ಒತ್ತಿ ಕರೆಯುವುದು ಹೇಗೆ? ಕಂಪಲಾಪುರದ ಸುದ್ದಿ ಇಲ್ಲಿಗೂ ಬಂದಿರಬೇಕು. ಬೇಡ ಅಂತ ಬಾಯಲ್ಲಿ ಹೇಳಲಾರದೆ ಹೀಗೆ ಹೇಳಿದ್ದಾರೆ. ಬಾಯಲ್ಲಿ ಹೇಳಲಾಗದವರ ಕಷ್ಟ ಅವನಿಗೆ ಗೊತ್ತಿತ್ತು. ಕಾರು ತಿರುಗಿಸಿಕೊಂಡು ಬಂದುಬಿಟ್ಟ.

ಮನೆಗೆ ಹೋಗಲು ಮನಸ್ಸಾಗದೆ ಮಾದೇಶನ ಗ್ಯಾರೇಜಿನ ಮುಂದೆ ನಿಲ್ಲಿಸಿ, ತಟ್ಟೆಯ ಜಜ್ಜಿದ ಬಾಳೆಹಣ್ಣು ತಿನ್ನುತ್ತ ಕೂತ.

"ಬ್ರೇಕು ಎಂಗೈತೆ ಸಾ?"

"ಚೆನ್ನಾಗಿದೆ."

ಸಂಜೆ ಹನಗೋಡಿನ ಬಸ್ಸಿಂದ ಇಳಿದ ಸಣ್ಣಯ್ಯ ಕಾರು ಕಂಡು ಪಂಚೆ ಎತ್ತಿ ಕಟ್ಟಿಕೊಂಡು ಓಡಿಬಂದ.

"ಅಲ್ಲಾ ಕಣೋ ಸಂಕ್ರ, ಊರ್ ಬಾಗ್ಲಿಗೆ ಬಂದು ಎಣ್ಣಿನ ಮೊಕಾನೂ ನೋಡ್ದೆ ತಿರುಗಿಸ್ಕಂಡು ಬತ್ತಾರೇನೋ?"

"ಮನೆಗೆ ಬೀಗ ಹಾಕಿತ್ತು."

"ಬೀಗ ಆಕ್ದೆ ಇನ್ನೇನ್ ಮಾಡಾರು? ಮನೆಯೋರೆಲ್ಲ ಕೆಳಗ್ಲ ತಿರುವ್ನಾಗೆ ಕೂತಿದ್ರಲ್ಲ! ನಿನ್ ಗಾಡಿ ಮನೆ ಮುಂದೆ ನಿಲ್ಲಾಕಿಲ್ಲ, ಇಳಿಜಾರು ಮುಗ್ಯೋ ತಾವೇ ನಿಲ್ಲೋದು ಅಂತ ನಾನೇ ಹೇಳಿದ್ದೆ. ಅಲ್ಲೇ ಚಪ್ರ ಆಕಿ, ಕುರ್ಚಿ ಆಕಿ, ನೀನು ಗುದ್ದಾಕೆ ಅಂತ್ಲೇ ಒಂದು ಮೆದೆ ಒಟ್ಟಿಸಿದ್ರು. ಬೀದಿಯೋರೆಲ್ಲ ಅಲ್ಲೇ ಇದ್ರು."

ಉಮಾಶಂಕರನ ಕೈಯ ಬಾಳೆಹಣ್ಣು ಕೈಯಲ್ಲೇ ಉಳಿಯಿತು.

"ಆ ಹುಡ್ಗೀನೇ ಅಂದ್ಲು ಕಣೋ. 'ಪಾಪ, ಅವರಿಗೆ ಇನ್ನೊಂದ್ಸಲ ನಾಚಿಕೆ ಆಗೋದು ಬ್ಯಾಡ. ಅವರ ಗಾಡಿ ಎಲ್ಲಿ ನಿಲ್ತದೋ ನಾವೇ ಅಲ್ಲಿರಾನ' ಅಂತ. ಸೀರೆ ಉಟ್ಕಂಡು, ಹೂ ಮುಡ್ಕಂಡು, ಚಕ್ರಕ್ಕೆ ಕೊಡಾಕೆ ಕೈಲೊಂದು ಗುಂಡ್ಕಲ್ಲು ಇಡ್ಕಂಡು ನಿಂತಿದ್ಲು. ಗಾಡಿ ಸದ್ದು ಕೇಳುಸ್ತು, ಆರತಿ ಅಚ್ಚಿದ್ರು. ಸದ್ದು ನಿಂತೋಯ್ತು. ಆಮೇಲೆ ಹಿಂದಕ್ಕೋಯ್ತು."

"ಡಿಸ್ಕ್ ಬ್ರೇಕ್ ಹಾಕಿಸಿದ್ದೆ."

"ಯಾರ್ಗೇಳಿದ್ದೆ?"

ಉಮಾಶಂಕರ ಬಾಳೆಹಣ್ಣಿನ ಸಿಪ್ಪೆಯನ್ನು ಮತ್ತೆ ಹಣ್ಣಿಗೇ ಮುಚ್ಚಿದ.

"ಈಗೋಗಿ, ಆ ಗಾಡಿ ಮನೆ ಮುಂದೆ ನಿಂತಿತ್ತು ಅಂದ್ರೆ ಯಾವನ್ ನಂಬ್ತಾನೆ? 'ಗಾಡಿ ನಿಲ್ದಿದ್ರೂ ಪರವಾಗಿಲ್ಲ, ಗಂಡು ನಿಲ್ಬೇಕಾಗಿತ್ತು' ಅಂದ್ರು ಮಹದೇವಯ್ನೋರು. ಪಿರಿಯಾಪಟ್ಟಣದ ಒಂದು ಸಂಬಂದ ಕಾಯ್ತಿತ್ತು, ನನ್ ಮುಂದೇನೇ ಅವರ್ಗೆ ಮಾತು ಕೊಟ್ಟು ಕಳುಸ್ದ್ರು. ಅವ್ನು ಬಸ್ನಾಗೆ ಬರೋ ಗಂಡಂತೆ. ಸ್ಟಾಪಲ್ಲೇ ಇಳೀತಾನೆ."

ಉಮಾಶಂಕರ ಮನೆಯ ಕಡೆ ಹೊರಟ. ಸದ್ದು ಕೇಳಿ ಮಲ್ಲಾಜಮ್ಮ ಹಣೆಗೆ ಅರಿಸಿನ ಮೆತ್ತಿಕೊಂಡೇ ಎದ್ದು ಗುಂಡುಕಲ್ಲು ತಂದಳು. ಅವಳು ಬೀದಿಯ ಮಧ್ಯಕ್ಕೆ ಬರುವ ಮೊದಲೇ ಕಾರು ಅವನ ಮನೆಯ ಮುಂದೆ ಗಕ್ಕನೆ ನಿಂತುಬಿಟ್ಟಿತು. ಅವಳು ಕಾರನ್ನು ನೋಡಿದಳು, ಕಲ್ಲನ್ನು ನೋಡಿದಳು, ಕಲ್ಲನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು.

ಉಮಾಶಂಕರ ಅವಳು ಹೋದ ಬಾಗಿಲನ್ನು ನೋಡಿದ. ಆಮೇಲೆ ಬ್ರೇಕಿನ ಮೇಲಿನ ಕಾಲನ್ನು ಮೆಲ್ಲಗೆ ಎತ್ತಿದ. ಕಾರು ಇಳಿಜಾರಿನಲ್ಲಿ ಒಂದಿಷ್ಟು ಜಾರಿತು.

"ಅವ್ವಾ, ಕಲ್ಲು!" ಎಂದು ಕೂಗಿದ. ಆ ಬೀದಿಯಲ್ಲಿ ಅವನ ದನಿ ಅಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ.

"ನಿಲ್ಲೋ ಗಾಡಿಗೆ ಕಲ್ಲ್ಯಾಕೆ ಮಗ?" ಎಂದಳು ಮಲ್ಲಾಜಮ್ಮ ಒಳಗಿನಿಂದಲೇ. "ತುಳಿ, ಅದೇ ನಿಲ್ತದೆ."

ತುಳಿದ. ನಿಂತಿತು.