ಸಿರುಗುಪ್ಪಕ್ಕೆ ಬಂದ ಎಂಟು ಗಾಲಿ

ಹೆದರುವವನನ್ನು ಹುಡುಕಿಕೊಂಡೇ ಫಜೀತಿಗಳು ಬರುತ್ತವೆಯೋ, ಫಜೀತಿಗೆ ಸಿಕ್ಕಿ ಸಿಕ್ಕಿ ಮನುಷ್ಯ ಪುಕ್ಕಲನಾಗುತ್ತಾನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಸಿರುಗುಪ್ಪದಲ್ಲಿ ಶಾಲೆ ಮಾಸ್ತರ. ಹತ್ತು ವರ್ಷದ ಮಗಳು ಟೈಫಾಯ್ಡ್‌ನಿಂದ ಆಗಷ್ಟೇ ಎದ್ದಿದ್ದಳು. ಜ್ವರ ಬಿಟ್ಟರೂ ಮುಖದಲ್ಲಿ ನಗು ಹುಟ್ಟಿರಲಿಲ್ಲ, ಆಟದ ಮಾತೇ ಇಲ್ಲ. ಬಳ್ಳಾರಿ ಕಂಟೋನ್ಮೆಂಟಿನಲ್ಲಿದ್ದ ನನ್ನ ತಂಗಿಯ ಮನೆಗೆ ಹೋದಾಗ, ಹುಡುಗಿಯೊಬ್ಬಳು ಕಾಲಿಗೆ ಗಾಲಿಯ ಸ್ಕೇಟ್ಸ್ ಕಟ್ಟಿಕೊಂಡು ಸರ್ರನೆ ಹೋದದ್ದು ನೋಡಿ, "ಅಪ್ಪಾ, ನನಗೂ ಅವು ಬೇಕು" ಅಂದಳು. ಕಾಯಿಲೆ ಬಿದ್ದ ಮೇಲೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಇಲ್ಲ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯವಿಲ್ಲ. ಕಡ್ಡಿಯಂಥ ಕಾಲು, ಬಿದ್ದು ಮುರಿದುಕೊಂಡರೆ?

ಅಂಗಡಿಯಲ್ಲಿ

ಬಳ್ಳಾರಿಯ ಆಟದ ಸಾಮಾನಿನ ಅಂಗಡಿಯಲ್ಲಿ ಇದ್ದದ್ದು ಒಂದೇ ಜೊತೆ. ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ಕಾಲಿಗೆ ನಾಲ್ಕು ಗಾಲಿ. ಒಂದು ಗಾಲಿ ತಿರುಗಿಸಿ ಬಿಟ್ಟೆ. ನಾನು ಕನ್ನಡಕ ಒರೆಸಿಕೊಂಡು ಹಾಕಿಕೊಂಡರೂ ಅದು ತಿರುಗುತ್ತಲೇ ಇತ್ತು.

"ಇಷ್ಟು ಜೋರು ಬ್ಯಾಡ್ರಿ. ಸ್ವಲ್ಪ ನಿಧಾನಕ್ಕ ತಿರುಗೋವು ಇಲ್ಲೇನು?"

"ಇದಕ್ಕಿಂತ ನಿಧಾನದ್ದು ಇಲ್ರಿ."

"ಹಂಗಾರ ತಿರುಗದಂಥವು?"

ಅಂಗಡಿಯವನು ನನ್ನನ್ನೇ ನೋಡಿದ. "ಮಾಸ್ತರ, ಅವು ಬಾಜೂ ಅಂಗಡ್ಯಾಗ ಸಿಗ್ತಾವ. ಚಪ್ಪಲಿ ಅಂತಾರ."

ಮನೆ ಬಾಗಿಲಲ್ಲಿ

ಕೊನೆಗೆ ಕೊಂಡು ತಂದ ಸ್ಕೇಟ್ಸ್ ನೋಡಿ ನಮ್ಮವ್ವ ಹೊಸ್ತಿಲಲ್ಲೇ ತಡೆದಳು. "ಇದು ಕಾಲಾಗ ಹಾಕ್ಕೊಳ್ಳೋದೋ, ಗಾಡಿಯೋ? ಕಾಲಾಗಿಂದಾದ್ರ ಹೊರಗಿಡು. ಗಾಡಿ ಆದ್ರ ಪೂಜಿ ಆಗ್ಬೇಕು."

ಹೊರಗಿಟ್ಟರೆ ಯಾರಾದರೂ ಹೊತ್ತೊಯ್ದಾರೆಂಬ ಭಯ. ಗಾಡಿ ಅಂದೆ. ಅವ್ವ ಕುಂಕುಮ ಹಚ್ಚಿ ಗಾಲಿಗೊಂದು ನಿಂಬೆಹಣ್ಣು ಇಟ್ಟಳು. ಮಗಳು ಅವನ್ನು ಕಟ್ಟಿಕೊಂಡು ಹೊರಟರೆ, ಪುಟ್ಟ ಗಾಲಿ ಹಣ್ಣನ್ನು ಹತ್ತಲೇ ಇಲ್ಲ. ಅವಳು ಮುಗ್ಗರಿಸಿದಳು, ನಾನು ಕಿರುಚಿದೆ. ಅವ್ವನದು ಒಂದೇ ಹಟ: "ಗಾಡಿ ಸಣ್ಣದೈತಿ. ಬಾರಿಹಣ್ಣು ಇಡೋಣು."

ಬೋರೆಹಣ್ಣಿನೊಳಗೆ ಕಲ್ಲಿನಂಥ ಬೀಜ! ಗಾಲಿ ಅದಕ್ಕೆ ತಗುಲಿದರೆ? ಕೂತು ಒಂದೊಂದೇ ಹಣ್ಣಿನ ಬೀಜ ತೆಗೆದೆ. ಅವ್ವ ಹಣೆ ಚಚ್ಚಿಕೊಂಡಳು: "ಮಂದಿ ಲಾರಿಗೆ ಹೆದರ್ತಾರ. ನನ್ ಮಗ ಬಾರಿಹಣ್ಣಿಗೆ ಹೆದರ್ತಾನ!"

ಮಿಲ್ಲಿನ ಅಂಗಳದಲ್ಲಿ

ಊರಿನಲ್ಲಿ ನುಣುಪು ನೆಲ ಅಂತ ಇದ್ದದ್ದು ಅಕ್ಕಿ ಮಿಲ್ಲಿನ ಸಿಮೆಂಟು ಅಂಗಳ ಮಾತ್ರ. ಅರ್ಧಕ್ಕೆ ಭತ್ತ ಒಣಹಾಕಿದ್ದರು, ಇನ್ನರ್ಧ ಖಾಲಿ. ಮಾಲೀಕರನ್ನು ಕೇಳಿಕೊಂಡು ಮಗಳನ್ನು ಕರೆದೊಯ್ದೆ. ಬಿದ್ದರೆ ಪೆಟ್ಟಾಗಬಾರದೆಂದು ಬೆನ್ನಿಗೊಂದು ದಿಂಬು ಕಟ್ಟಿದೆ. ಭತ್ತ ಹರಡುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಿಂತರು.

ಎರಡೂ ಕೈ ಹಿಡಿದು ನಡೆಸಿದೆ. ಸ್ವಲ್ಪ ಹೊತ್ತಿಗೆ, "ಅಪ್ಪಾ, ಕೈ ಬಿಡು" ಅಂದಳು.

"ಬಿದ್ದೀಯವ್ವಾ."

"ಬೀಳ್ತೀನಿ ಬಿಡು."

ಬಿಟ್ಟೆ. ನನ್ನ ಜೀವವನ್ನೇ ಬಿಟ್ಟುಕೊಟ್ಟ ಹಾಗಾಯಿತು. ಅವಳು ತೂಗಾಡಿದಳು, ನಿಂತಳು, ಹೊರಟೇಬಿಟ್ಟಳು. ಗೋಡೆ ಹತ್ತಿರಾಗುತ್ತಿತ್ತು. ತಡೆಯಬೇಕೆಂದು ಅಡ್ಡದಾರಿ ಹಿಡಿದು ಓಡಿದವನು ಭತ್ತದ ಮೇಲೆ ಕಾಲಿಟ್ಟೆ. ಆಮೇಲೆ ಕಾಲು ನನ್ನ ಮಾತು ಕೇಳಲಿಲ್ಲ. ಅಂಗಾತ ಬಿದ್ದು, ಭತ್ತ ಗುಡಿಸುತ್ತಾ, ಮಗಳನ್ನೂ ದಾಟಿ ಜಾರಿಹೋಗಿ ಗೋಡೆಗೆ ಗುದ್ದಿದೆ.

ಮಗಳು ಅಂಗಳದ ಕಂಬವೊಂದನ್ನು ಹಿಡಿದು ತಾನಾಗಿಯೇ ನಿಂತಳು. ನನ್ನ ತಲೆತುಂಬ ಭತ್ತ ನೋಡಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆ ನಗು ಕೇಳಿ ನನಗೆ ನೋವೇ ತಿಳಿಯಲಿಲ್ಲ.

ಭತ್ತ ಹರಡುವ ಹೆಂಗಸರೂ ನಕ್ಕರು. ಅವರಲ್ಲೊಬ್ಬ ಮುದುಕಿ ಮಾತ್ರ ನಗಲಿಲ್ಲ. ಮಗಳ ಹತ್ತಿರ ಹೋಗಿ ಗಂಭೀರವಾಗಿ ಹೇಳಿದಳು: "ತಂಗೀ, ಆ ದಿಂಬು ಬಿಚ್ಚಿ ಮೊದ್ಲು ನಿಮ್ಮಪ್ಪಗ ಕಟ್ಟವ್ವ!"