ಅಣ್ಣನ ಮನೆಯೂ ವಿದೇಶವೆಂದು ಕಲಿಸಿಕೊಟ್ಟ ಕಂಪನಿಗೆ

‘ಮೇಪಲ್ ಛತ್ರಿ’ ಪ್ರವಾಸಿ ಆರೋಗ್ಯ ವಿಮಾ ಕಂಪನಿಯ ಹಿರಿಯ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೆ ಹೊಸ ವರ್ಷದ ಶುಭಾಶಯಗಳು, ಜೊತೆಗೆ ನಮ್ಮ ಉಕ್ರೇನಿ ಮನೆಗಳಲ್ಲಿ ಜನವರಿಯಲ್ಲಿ ಬಂದು ಈಗಷ್ಟೇ ಮುಗಿದ ಕ್ರಿಸ್‌ಮಸ್‌ನ ಶುಭಾಶಯಗಳು. ಮ್ಯಾನಿಟೋಬಾದ ಆಗ್ನೇಯ ಮೂಲೆಯಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುವ ಒಂದು ಊರಿನಲ್ಲಿ ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಓರೀಸ್ಯಾ ಹ್ರಿಂಚುಕ್ ಎಂಬ ನಾನು, ತಮ್ಮ ಪಾದಾರವಿಂದಗಳು ಈ ಚಳಿಗೆ ಮರಗಟ್ಟದಿರಲೆಂದು ಹಾರೈಸುತ್ತಾ, ಸಹಕಾರಿ ಅಂಗಡಿಯ ಬಾಗಿಲಿಗೂ ಒಂದು ಪ್ರತಿ ಅಂಟಿಸಿ, ಈ ಪತ್ರವನ್ನು ತಮಗೆ ಸಲ್ಲಿಸುತ್ತಿದ್ದೇನೆ.

ಗಡಿ ದಾಟುವವರಿಗೆ ಆರೋಗ್ಯ ವಿಮೆ ಬೇಕೇ ಎಂದು ಯಾರಾದರೂ ಕೇಳಿದರೆ ಬೇಕು, ಬೇಕೇ ಬೇಕು ಎನ್ನುವವಳು ನಾನು, ಇದು ತಮಗೆ ಮೊದಲೇ ತಿಳಿದಿರಲಿ. ನಮ್ಮ ನೆರೆಯ ಗಾರ್ನೆಟ್ ವಿಮೆ ಮಾಡಿಸದೆ ಅಗ್ಗದ ಚೀಸ್ ತರಲು ಅಮೆರಿಕಕ್ಕೆ ಹೋಗಿ, ಅಂಗಡಿಯೆದುರು ಜಾರಿಬಿದ್ದು, ಸೊಂಟ ಮುರಿದುಕೊಂಡು, ಅಲ್ಲಿನ ಆಸ್ಪತ್ರೆಯ ಬಿಲ್ಲಿಗಾಗಿ ಕೆರೆದಂಡೆಯ ತನ್ನ ಬೇಸಿಗೆ ಮನೆಯನ್ನೇ ಮಾರಬೇಕಾಯಿತು. ಸೊಂಟ ಈಗ ಸರಿಯಾಗಿದೆ, ಆದರೆ ಯಾರಾದರೂ ಚೀಸ್ ಎಂದರೆ ಸಾಕು, ಪಾಪ, ಮುಖ ತಿರುಗಿಸಿ ಹೊರಟುಬಿಡುತ್ತಾನೆ. ನನ್ನ ಯಜಮಾನರಾದ ಮೈರನ್ ಮಾತ್ರ ಪ್ರತಿ ವರ್ಷ ಅದೇ ರಾಗ ಎಳೆಯುತ್ತಾರೆ: “ಅಲ್ಲ ಮಾರಾಯ್ತಿ, ನಾನಿಲ್ಲಿ ಕೆಮ್ಮಿದ್ರೆ ಅಣ್ಣನ ಮನೇಲಿ ಕೇಳಿಸುತ್ತೆ, ಅದೆಂಥ ವಿದೇಶ?” ನಾನೂ ಪ್ರತಿ ವರ್ಷ ಅದೇ ಉತ್ತರ ಕೊಡುತ್ತೇನೆ: “ಕೆಮ್ಮು ಆ ಕಡೆ ಹೋಗೋದಾದ್ರೆ ಅದಕ್ಕೂ ವಿಮೆ ಮಾಡಿಸ್ತೀನಿ, ಸುಮ್ನಿರಿ.”

ಆ ಅಣ್ಣ ಎಂದರೆ ನನ್ನ ಭಾವ ವಸೀಲ್, ವಯಸ್ಸು ಎಂಬತ್ತೆರಡು. ಹರೆಯದಲ್ಲಿ ಮಿನೆಸೋಟದ ಲೀಡಾ ಎಂಬ ಹುಡುಗಿಗೆ ಮನಸೋತು, ಗಡಿ ಹಾದುಹೋಗುವ ನಮ್ಮ ಕೆರೆಯ ಆಚೆ ದಡಕ್ಕೆ ಹೋಗಿ ಅಮೆರಿಕದವರಾದರು. ಲೀಡಾ ತೀರಿಕೊಂಡ ಮೇಲೆ ಅವರು ಒಬ್ಬರೇ. ಕ್ರಿಸ್‌ಮಸ್ ಹಿಂದಿನ ಸಂಜೆ, ಮೊದಲ ನಕ್ಷತ್ರ ಕಂಡ ಕೂಡಲೇ, ಮೇಜಿನ ಬಟ್ಟೆಯಡಿ ಒಣಹುಲ್ಲು ಹರಡಿ, ಸತ್ತವರಿಗೆಂದು ಒಂದು ಖಾಲಿ ತಟ್ಟೆ ಇಟ್ಟು, ಜೇನು ಗಸಗಸೆ ಹಾಕಿದ ಗೋಧಿ ಪಾಯಸದ ಮೊದಲ ಚಮಚವನ್ನು ಅಣ್ಣ ತಮ್ಮನಿಗೆ ತಿನ್ನಿಸುವುದು ಅವರ ಮನೆಯ ಪದ್ಧತಿ. ಅವರ ತಾಯಿ ಸತ್ತಾಗಿನಿಂದ ಇದು ಒಮ್ಮೆಯೂ ತಪ್ಪಿಲ್ಲ. ಅದಕ್ಕೆಂದೇ ಪ್ರತಿ ಕ್ರಿಸ್‌ಮಸ್‌ಗೆ ನಾವು ಗಡಿ ದಾಟುವುದು, ತಮ್ಮಿಂದ ವಿಮೆ ಕೊಳ್ಳುವುದು.

ಇನ್ನು ನನ್ನ ಸಂಭ್ರಮದ ವಿಷಯಕ್ಕೆ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ಮೈರನ್, ನನ್ನ ಬೈಗುಳ ತಾಳಲಾರದೆ, ಉಪ್ಪು ಬಿಟ್ಟರು, ಹುಳಿಕೆನೆ ಬಿಟ್ಟರು, ನಾಯಿಯನ್ನು ಕರೆದುಕೊಂಡು ದಿನವೂ ರೈಲುಹಳಿಯವರೆಗೆ ನಡೆದರು. ನಾಯಿಗೂ ಬೊಜ್ಜು ಕರಗಿ ಸೊಂಟ ಬಂತು. ನವೆಂಬರಿನಲ್ಲಿ ನಮ್ಮ ಡಾಕ್ಟರ್ ಅಡೆಯೆಮಿ, ನಮ್ಮ ಯಜಮಾನರ ರಕ್ತದೊತ್ತಡ ನೋಡಿ, “ಮೈರನ್, ನೀವು ಗೆದ್ರಿ ಕಣ್ರೀ” ಎಂದು ಮಾತ್ರೆಯನ್ನು ಅರ್ಧಕ್ಕಿಳಿಸಿದರು. ನಾನೋ, ಈ ಸಿಹಿಸುದ್ದಿಯನ್ನು ಯಾರಿಗೆ ಹೇಳಲಿ ಎಂದು ಒದ್ದಾಡಿ, ನಮ್ಮ ಆರೋಗ್ಯದ ಬಗ್ಗೆ ವರ್ಷಾವರ್ಷ ಅಷ್ಟು ಅಕ್ಕರೆಯಿಂದ ವಿಚಾರಿಸುವ ತಮಗೇ ಮೊದಲು ಫೋನ್ ಮಾಡಿದೆ. ಯಾರೂ ಕೇಳದೆ, ನಾನಾಗಿಯೇ!

ತಮ್ಮ ಕಚೇರಿಯ ಬ್ರೆಂಟ್ ಎಂಬ ಮಹನೀಯರು ಎಷ್ಟು ಸಭ್ಯರು! “ಅಭಿನಂದನೆ ಮೇಡಂ, ತುಂಬಾ ಖುಷಿಯಾಯ್ತು. ಆದ್ರೆ ಮಾತ್ರೆ ಬದಲಾಯ್ತಲ್ಲ, ಹಾಗಾಗಿ ನಿಮ್ಮ ಯಜಮಾನ್ರು ಈಗ ಸ್ಥಿರವಾಗಿಲ್ಲ. ಮೂರು ತಿಂಗಳು ಹೀಗೇ ಇದ್ರೆ ಮತ್ತೆ ನೋಡೋಣ. ಅಲ್ಲೀವರೆಗೆ ಹೃದಯದ ಯಾವ ತೊಂದ್ರೆಗೂ ನಮ್ಮ ಪಾಲಿಸಿ ಬರಲ್ಲ” ಎಂದರು. ಅಯ್ಯೋ ದೇವರೇ, ವಾಸಿಯಾಗುವುದೂ ಒಂದು ಕಾಯಿಲೆಯೆಂದು ನನಗೆ ಗೊತ್ತೇ ಇರಲಿಲ್ಲ! ಹಾಗಾದರೆ ಹಳೆಯ ಮಾತ್ರೆಯನ್ನೇ ನುಂಗಿಸುತ್ತೇನೆ ಎಂದೆ. “ಅದೂ ಬದಲಾವಣೇನೇ ಮೇಡಂ” ಎಂದರು. ಇಷ್ಟು ಚೊಕ್ಕವಾಗಿ ಹೊಲಿದ ನಿಯಮವನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಎಲ್ಲಿ ಬೆರಳಿಟ್ಟರೂ ಒಂದು ಎಳೆ ಬಿಚ್ಚುವುದಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಕೆಲವು ಬಿನ್ನಹಗಳಿವೆ. ತಮಗೆ ಒಪ್ಪಿಗೆಯಾಗುವಷ್ಟು ಕಾಯಿಲೆಯಲ್ಲಿ, ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಗಂಡನನ್ನು ಇಟ್ಟುಕೊಳ್ಳುವುದು ಹೇಗೆಂದು ಹೆಂಡತಿಯರಿಗೆ ಒಂದು ತರಬೇತಿ ಶಿಬಿರ ನಡೆಸಿಕೊಡಬೇಕು. ಅದು ಕಷ್ಟವಾದರೆ, ತಮ್ಮ ಪ್ರಭಾವ ಬಳಸಿ ಕ್ರಿಸ್ತನ ಜನನವನ್ನು ಮಾರ್ಚ್‌ಗೆ ಮುಂದೂಡಿಸಿದರೂ ನಡೆದೀತು. ನಮ್ಮ ಪಾದ್ರಿಗಳು ಮೊದಲು ಸ್ವಲ್ಪ ಗೊಣಗಬಹುದು, ಆದರೆ ರಸ್ತೆಯ ಹಿಮ ಕರಗಿರುತ್ತದೆಂದು ಆಮೇಲೆ ಅವರೂ ಒಪ್ಪುತ್ತಾರೆ.

ತಮ್ಮ ಸಭ್ಯತೆಯ ಫಲವಾಗಿ ನಮ್ಮ ಮನೆಯಲ್ಲಿ ನಡೆದದ್ದನ್ನೂ ತಾವು ಕೇಳಬೇಕು. ಮೈರನ್ ವಿಮೆಯಿಲ್ಲದೆಯೇ ಹೊರಡುತ್ತೇನೆಂದು ಹಟ ಹಿಡಿದರು, ನಾನು ಕಾರಿನ ಕೀಲಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಹುಗಿದೆ. ಭಾವನನ್ನೇ ಈ ಕಡೆ ಕರೆಸೋಣವೆಂದರೆ, ಎಂಬತ್ತೆರಡರ ಆ ಉಬ್ಬಸದ ಶ್ವಾಸಕೋಶಕ್ಕೆ ಅಲ್ಲಿನ ಕಂಪನಿಗಳೂ ಛತ್ರಿ ಹಿಡಿಯಲಿಲ್ಲ. ಕೊನೆಗೆ ನಾನೇ ಅವರಿಗೆ ಫೋನ್ ಮಾಡಿ ಈ ವರ್ಷ ಬರಲಾಗುವುದಿಲ್ಲ ಎಂದೆ. ಅವರು, “ಓರೀಸ್ಯಾ, ಲೀಡಾಳ ತಟ್ಟೆ ಇಡೋದು ನಂಗೆ ರೂಢಿಯಾಗಿದೆಯಮ್ಮ. ಬದುಕಿರೋ ತಮ್ಮನಿಗೂ ಖಾಲಿ ತಟ್ಟೆ ಇಡು ಅಂದ್ರೆ ಹೇಗಿಡಲಿ?” ಎಂದರು. ಬಸ್ಸು ಹಳ್ಳಕ್ಕೆ ಜಾರಿದ ದಿನವೂ ಅಳದವಳು ಅಂದು ಅಡುಗೆಮನೆಯಲ್ಲಿ ನಿಂತು ಅತ್ತೆ.

ಅತ್ತು ಮುಗಿದ ಮೇಲೆ ತಮ್ಮ ಪಾಲಿಸಿಯನ್ನೇ ಇನ್ನೊಮ್ಮೆ ಓದಿದೆ. ದೇಶ ಬಿಟ್ಟರೆ ಮಾತ್ರ ತೊಂದರೆ, ಬಿಡದಿದ್ದರೆ ಮ್ಯಾನಿಟೋಬಾ ಸರ್ಕಾರವೇ ನೋಡಿಕೊಳ್ಳುತ್ತದೆ. ಹಾಗಿದ್ದರೆ ಬಿಡುವುದೇಕೆ? ನಮ್ಮ ಮನೆಗೂ ಭಾವನ ಮನೆಗೂ ನಡುವೆ ಇರುವುದು ಒಂದು ಕೆರೆ, ಅದೂ ಜನವರಿಯಲ್ಲಿ ಲಾರಿ ಓಡಿಸುವಷ್ಟು ಹೆಪ್ಪುಗಟ್ಟಿದ ಕೆರೆ. ಮೈರನ್ ತಮ್ಮ ಮೀನುಗುಡಿಸಲನ್ನು, ಎಂದರೆ ಮಂಜಿಗೆ ತೂತು ಕೊರೆದು ಗಾಳ ಹಾಕುವವರು ಎಳೆದೊಯ್ಯುವ ಮರದ ಗೂಡನ್ನು, ಎಳೆದುಕೊಂಡು ಹೋಗಿ, ನಕ್ಷೆ ತೋರಿಸುವ ಯಂತ್ರವನ್ನು ಹತ್ತು ಸಲ ನೋಡಿ, ಸರಿಯಾಗಿ ಗಡಿಯ ಮೇಲೆ ನಿಲ್ಲಿಸಿದರು. ಒಳಗೆ ಗಡಿ ಹಾದುಹೋಗುವಲ್ಲಿ, ನೆಲದ ಮೇಲಿಂದ ಮೇಜಿನ ಮೇಲೂ ಹತ್ತಿಸಿ, ನಾನು ಕ್ರಿಸ್‌ಮಸ್‌ನ ಮಿನುಗುಹಾರ ಹಾಸಿದೆ. ಕೆನಡಾದ ಬಾಗಿಲಿಂದ ನಾವು ಬಂದೆವು, ಅಮೆರಿಕದ ಬಾಗಿಲಿಂದ, ಯಾರದೋ ಹಿಮಗಾಡಿಯ ಹಿಂದೆ ಕಂಬಳಿ ಸುತ್ತಿಕೊಂಡು, ಮೀಸೆಗೆಲ್ಲ ಮಂಜು ಹಿಡಿಸಿಕೊಂಡು ಭಾವ ಬಂದರು. ಒಬ್ಬರೂ ಗಡಿ ದಾಟಲಿಲ್ಲವೆಂದು ಪ್ರಮಾಣ ಮಾಡಿ ಹೇಳುತ್ತೇನೆ.

ಮೈರನ್ ಅಣ್ಣನನ್ನು ತಬ್ಬಿಕೊಳ್ಳಲು ಎದ್ದರು. ಭಾವ ಕೈ ಅಡ್ಡ ಹಿಡಿದು, “ಲೋ, ಬಾಗ್ಬೇಡ! ನಿನ್ನೆದೆ ಈ ಕಡೆ ಬಂದು ಏನಾದ್ರೂ ಆದ್ರೆ ಇವಳು ನನ್ನ ಕೊಂದ್ಹಾಕ್ತಾಳೆ. ಬಾಯಿ ಮಾತ್ರ ತೆಗಿ” ಎಂದರು. ಎಲೆಕೋಸಿನ ಸುರುಳಿಯಿಂದ ಹಿಡಿದು ಉಪ್ಪುಮೀನಿನವರೆಗೆ ಹಬ್ಬದ ಹನ್ನೆರಡು ಬಗೆಯೂ ತುಂಬಿದ್ದ ಆ ಮೇಜಿನ ಮೇಲೆ, ಪಾಯಸದ ಚಮಚವೊಂದು ಅಮೆರಿಕದಿಂದ ಹೊರಟು, ಒಬ್ಬ ಮುದುಕನ ಕೈಯಿಂದ ಸ್ವಲ್ಪ ಚೆಲ್ಲಿ, ಕೆನಡಾದಲ್ಲಿ ಬಾಯಿ ತೆರೆದು ಕೂತಿದ್ದ ಮತ್ತೊಬ್ಬ ಮುದುಕನನ್ನು ತಲುಪಿತು. ಇಬ್ಬರೂ ಅತ್ತರು. ಲೀಡಾಳ ತಟ್ಟೆಯನ್ನು ನಾನು ಮಿನುಗುಹಾರದ ಮೇಲೇ ಇಟ್ಟಿದ್ದೆ, ಅರ್ಧ ಆ ದೇಶದಲ್ಲಿ, ಅರ್ಧ ಈ ದೇಶದಲ್ಲಿ. ಅಂದು ಖಾಲಿಯಿದ್ದದ್ದು ಅದೊಂದೇ ತಟ್ಟೆ.

ಬರುವ ವರ್ಷವೂ ತಮ್ಮಿಂದಲೇ ವಿಮೆ ಕೊಳ್ಳಲಿರುವ,
ತಮ್ಮ ವಿಶ್ವಾಸಿ,
ಓರೀಸ್ಯಾ ಹ್ರಿಂಚುಕ್

ಮರೆತಿದ್ದ ಮಾತು: ಆ ಸಂಜೆ ಉಪ್ಪುಮೀನು ಕಂಡು ಮೈರನ್ ಸಂಯಮ ಕಳೆದುಕೊಂಡದ್ದರಿಂದ ರಕ್ತದೊತ್ತಡ ಏರಿ, ಡಾಕ್ಟರು ಮಾತ್ರೆಯನ್ನು ಮೊದಲಿನಷ್ಟೇ ಮಾಡಿದ್ದಾರೆ. ಅಂದರೆ ತಾವು ವಿಮೆ ಕೊಡುತ್ತಿದ್ದ ಕಾಲದಲ್ಲಿ ಎಷ್ಟು ಕಾಯಿಲೆಯವರಿದ್ದರೋ ಈಗ ಅಷ್ಟೇ ಕಾಯಿಲೆಯವರಾಗಿ, ಪುನಃ ತಮ್ಮ ಘನತೆಗೆ ತಕ್ಕವರಾಗಿದ್ದಾರೆ. ದಯವಿಟ್ಟು ಬ್ರೆಂಟ್ ಅವರಿಗೆ ತಿಳಿಸಿ, ಅವರಿಗೆ ಖುಷಿಯಾಗುತ್ತದೆ. ಈ ಸಲ ನಾನಾಗಿ ಫೋನ್ ಮಾಡುವುದಿಲ್ಲ.