ಕಿವಿ ಮುರಿದ ಸಿಂಹದ ಅಜ್ಜ

ಎಲ್ಲಕ್ಕೂ ಕಾರಣ ಅಪ್ಪನ ಮೊಣಕಾಲು. ಚೀನೀಯರ ಸಮಾಧಿ ಗುಡಿಸುವ ಹಬ್ಬದ ಹಿಂದಿನ ದಿನವೇ ಅದು ಕುಂಬಳಕಾಯಿಯಂತೆ ಊದಿ, ಪಿನಾಂಗಿನ ಸ್ಮಶಾನಗುಡ್ಡ ಹತ್ತುವ ಕೆಲಸ ನಲವತ್ತರ ಬೂನ್ ಕಿಯಾಟನ ತಲೆಗೆ ಬಿತ್ತು.

"ಎಡಗಿವಿ ಮುರಿದ ಕಲ್ಲುಸಿಂಹ ಇದೆಯಲ್ಲ, ಅದೇ ನಿಮ್ಮಜ್ಜಂದು," ಎಂದ ಅಪ್ಪ. "ಮಧ್ಯಾಹ್ನದೊಳಗೆ ದೊಡ್ಡತ್ತೆಗೆ ಗುಡಿಸಿದ ಫೋಟೊ ಹೋಗ್ಬೇಕು. ಇಲ್ದಿದ್ರೆ ಅವಳ ಹತ್ರ ಇರೋ ಮನೆತನದ ಧೂಪದ ಬಟ್ಟಲು, ಹಿರೀಕರ ಪೂಜೆಯ ಹಕ್ಕು, ಎಲ್ಲ ನಿನ್ನ ಚಿಕ್ಕಪ್ಪನ ಮಗನ ಪಾಲು."

ಹೆಸರು ಓದಿ ನೋಡಬಹುದಿತ್ತಲ್ಲ ಎನ್ನಬೇಡಿ. ಆ ಮನೆತನದಲ್ಲಿ ಚೀನೀ ಅಕ್ಷರ ಬಲ್ಲವನು ಅಜ್ಜನೊಬ್ಬನೇ. ಅವನು ಕಲ್ಲಿನ ಕೆಳಗಿದ್ದ.

ಸಿಂಹ ಸಿಕ್ಕಿತು. ಕಿಯಾಟ್ ಕಸ ಗುಡಿಸಿದ, ಮಾಸಿದ ಅಕ್ಷರಗಳಿಗೆ ಕೆಂಪು ಬಣ್ಣ ತುಂಬಿದ. ಕಲ್ಲು ಎಲೆಯಡಿಕೆ ಮೆದ್ದಂತೆ ಕಂಡಿತು. ಸುಟ್ಟ ಹಂದಿಮಾಂಸ, ಕಿತ್ತಳೆ, ಕಾಫಿ ಇಟ್ಟು, ಧೂಪ ಹಚ್ಚಿ, ಅತ್ತೆಗೆ ಫೋಟೊ ಕಳಿಸಿ ಕಣ್ಮುಚ್ಚಿ ಕೈಮುಗಿದ. ಕಣ್ತೆರೆದರೆ ಎದುರಿಗೆ ಪೊರಕೆ ಹಿಡಿದ ಮುದುಕಿ, ಅವಳ ಹಿಂದೆ ಮೂವರು ದಾಂಡಿಗ ಗಂಡುಮಕ್ಕಳು.

"ಕೊನೆಗೂ ಸಿಕ್ಕಿಬಿದ್ಯಾ," ಎಂದಳು ಮುದುಕಿ ತಣ್ಣಗೆ. "ನಿಮ್ಮಮ್ಮ ಯಾವೂರೋಳು?"

ಕಿಯಾಟನಿಗೆ ತಲೆಬುಡ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅದು ಅವಳ ಗಂಡ ತಿಯೋನ ಸಮಾಧಿ. ಮೂವತ್ತು ವರ್ಷದಿಂದ ತಾವು ಬರುವ ಮೊದಲೇ ಯಾರೋ ಗುಡಿಸಿ, ಮಾಂಸವಿಟ್ಟು ಹೋಗಿರುತ್ತಾರೆ. ಗುಟ್ಟಾಗಿ ಇನ್ನೊಂದು ಸಂಸಾರವಿಲ್ಲದೆ ಸತ್ತವನಿಗೆ ಇಷ್ಟು ಉಪಚಾರ ಯಾರು ಮಾಡುತ್ತಾರೆ? ಪ್ರತಿ ಹಬ್ಬಕ್ಕೂ ಬಂದು ಅವಳು ಗಂಡನನ್ನು ಬೈದು ಹೋಗುತ್ತಿದ್ದಳು.

ಹಿರಿಮಗ ಕಿಯಾಟನ ಗಲ್ಲ ಹಿಡಿದು ತಿರುಗಿಸಿ, ಕಿವಿ ಅಪ್ಪನದೇ ಎಂದು ತೀರ್ಪು ಕೊಟ್ಟ. ಎರಡನೆಯವನು ಮೂಗಿನ ಬಗ್ಗೆ ತಕರಾರು ತೆಗೆದ. ಮೂರನೆಯವನು, ಅಣ್ಣ ಅನ್ನಬೇಕೋ ತಮ್ಮ ಅನ್ನಬೇಕೋ ತಿಳಿಯಲಿ ಎಂದು ವಯಸ್ಸು ಕೇಳಿದ. ಒಂದು ಗಳಿಗೆ ಕಿಯಾಟನಿಗೇ ತಾನು ಯಾರ ಮಗನೆಂಬ ಅನುಮಾನ ಬಂತು.

"ಅಜ್ಜಿ, ನಾನು ಖೂ ಮನೆಯವನು. ಬಂದಿದ್ದೇ ಇದು ಮೊದಲ್ನೇ ಸಲ."

"ಖೂ ಅಂತ ಬರೆದಿರೋದು ಅಲ್ಲಿ."

ಪೊರಕೆ ಪಕ್ಕಕ್ಕೆ ತಿರುಗಿತು. ಎದೆಯೆತ್ತರದ ಹುಲ್ಲಿನಲ್ಲಿ ಒಂದು ಕಲ್ಲು ಹಣೆ ಮಾತ್ರ ತೋರಿಸುತ್ತ ನಿಂತಿತ್ತು. ಅದರ ಸಿಂಹಕ್ಕೂ ಎಡಗಿವಿ ಇರಲಿಲ್ಲ.

ಕಿಯಾಟ್ ಅಪ್ಪನಿಗೆ ಫೋನ್ ಮಾಡಿ ವರದಿ ಒಪ್ಪಿಸಿದ. ಆ ಕಡೆ ಮೊಣಕಾಲು ತಿಕ್ಕುವ ಸದ್ದು.

"ಮೂವತ್ತು ವರ್ಷ ಅವನ ಹತ್ರ ಬೇಡಿಕೊಂಡಿದ್ದೆಲ್ಲ ಆಗಿದೆ ಕಣೋ. ನಿನ್ನ ಮದುವೆ ಕೂಡ," ಎಂದ ಅಪ್ಪ. "ಈಗ ಹೇಗೋ ಬಿಡೋದು? ಎರಡನ್ನೂ ಗುಡಿಸು. ಅತ್ತೆಗೆ ಮಾತ್ರ ಹೇಳ್ಬೇಡ."

ಫೋನಿನ ಮಾತು ಮುದುಕಿಗೂ ಕೇಳಿಸಿತು. ಗಂಡನ ಕಲ್ಲಿಗೆ ಹಣೆಯಿಟ್ಟು ಅತ್ತಳು. ಆಮೇಲೆ ಮೂಗೊರೆಸಿಕೊಂಡು, ನಮ್ಮವರಿಗೆ ನಿಮ್ಮ ಮನೆಯ ಊಟವೇ ಒಗ್ಗಿಹೋಗಿದೆ, ಬರುವ ವರ್ಷವೂ ತಪ್ಪಿಸಬೇಡ ಎಂದು ಪೊರಕೆಯನ್ನು ಕಿಯಾಟನ ಕೈಗಿತ್ತಳು. ಮಕ್ಕಳು ಆಗಲೇ ಹಂದಿಮಾಂಸಕ್ಕೆ ಕೈಹಾಕಿದ್ದರು.

ಉಳಿದ ಒಂದು ಕಿತ್ತಳೆ ಹಿಡಿದು ಕಿಯಾಟ್ ಸ್ವಂತ ಅಜ್ಜನ ಹುಲ್ಲಿಗಿಳಿಯುವಾಗ ದೊಡ್ಡತ್ತೆಯ ಉತ್ತರ ಬಂತು:

"ಅಪ್ಪನ ಕಲ್ಲು ಹೊಳೀತಿದೆ. ಬಟ್ಟಲು ನಿನಗೇ; ಪ್ರತಿ ವರ್ಷ ಹೀಗೇ ಫೋಟೊ ಕಳಿಸು. ಪಕ್ಕದಲ್ಲಿ ಹುಲ್ಲು ಬೆಳೆದಿರೋದು ಯಾರದಪ್ಪಾ? ಎಂಥಾ ಮಕ್ಕಳನ್ನ ಹೆತ್ತನೋ ಪುಣ್ಯಾತ್ಮ."